ಒಂದೆಲಗದ ಮೇಲೆ ಹೊರಿಸಿದ ಹೊರೆ

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ನಮ್ಮ ಶಾಲೆಯ ಹಿಂದಿನ ಖಾಲಿ ಜಾಗದಲ್ಲಿ ಒಂದು ಔಷಧಿವನ ಮಾಡಬೇಕೆಂದು ತೀರ್ಮಾನವಾಯಿತು. ಗಿಡ ತರುವ ಕೆಲಸ ಮಕ್ಕಳಿಗೆ, ಬೇಲಿ ಕಟ್ಟುವ ಕೆಲಸ ಪಾಲಕರಿಗೆ, ಗಿಡದ ಹೆಸರು ಮತ್ತು ಉಪಯೋಗ ಬರೆದ ತಗಡಿನ ಫಲಕ ಮಾಡಿಸುವ ಕೆಲಸ ನನಗೆ. ಕನ್ನಡ ಕಲಿಸುವವಳಿಗೆ ಫಲಕ ಬರೆಯುವ ಕೆಲಸ ಯಾವ ಶಾಲೆಯಲ್ಲೂ ತಪ್ಪಿದ್ದಲ್ಲ. ಎಂಟನೆಯ ತರಗತಿಯ ಮಕ್ಕಳು ಮನೆಯಲ್ಲಿ ಹಿರಿಯರನ್ನು ಕೇಳಿ ಪಟ್ಟಿ ಮಾಡಿಕೊಂಡು ಬಂದರು. ಒಂದೆಲಗ: ನೆನಪಿನ ಶಕ್ತಿಗೆ, ಮನಶ್ಶಾಂತಿಗೆ. ಹೊಳೆಮತ್ತಿ: ಹೃದಯರೋಗಕ್ಕೆ ರಾಮಬಾಣ. ಸರ್ಪಗಂಧಿ: ಬಿ.ಪಿ.ಗೆ, ಹುಚ್ಚಿಗೆ. ಹೀಗೆ ಎರಡು ಹಾಳೆ ತುಂಬ.

ಹೊಳೆಮತ್ತಿಯ ಸಾಲು ಬರೆದ ಹುಡುಗಿಯನ್ನು ಕರೆದು, "ರಾಮಬಾಣ ಅಂದರೇನು?" ಎಂದು ಕೇಳಿದೆ.

"ಗುರಿ ತಪ್ಪದ್ದು ಅಕ್ಕೋರೇ."

"ಹಾಗಾದರೆ ಎಷ್ಟು ತೊಗಟೆ? ಎಷ್ಟು ನೀರು? ಎಷ್ಟು ದಿನ? ಹೃದಯದ ಯಾವ ಕಾಯಿಲೆಗೆ?"

ಹುಡುಗಿ ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತಳು. "ಅಜ್ಜಿ ಅಷ್ಟೇ ಹೇಳಿದ್ದು" ಎಂದಳು. ಅವಳ ತಪ್ಪೇನೂ ಇಲ್ಲ. ಇದೇ ಪ್ರಶ್ನೆಯನ್ನು ನಮ್ಮೂರಿನ ದೊಡ್ಡವರ ಮುಂದೆ ಇಟ್ಟರೂ ಇಷ್ಟೇ ಉತ್ತರ ಸಿಗುವುದು. ನಾನು ಆ ಸಾಲನ್ನು ಫಲಕಕ್ಕೆ ಬರೆಸುವುದಿಲ್ಲ ಎಂದೆ. ಪಾಲಕರ ಸಭೆಯಲ್ಲಿ ಅದು ದೊಡ್ಡ ಮಾತಾಯಿತು. "ಅಕ್ಕೋರಿಗೆ ಇಂಗ್ಲಿಷ್ ಮದ್ದಿನ ಮೇಲೇ ಭಕ್ತಿ" ಎಂದರು ಒಬ್ಬರು. "ನೀವೇನು ಡಾಕ್ಟರಾ?" ಎಂದರು ಇನ್ನೊಬ್ಬರು. ಡಾಕ್ಟರಲ್ಲ ನಿಜ, ನನ್ನದು ಬಿ.ಎ. ಬಿ.ಎಡ್. ಆದರೆ ಫಲಕದ ಮೇಲೆ ರಾಮಬಾಣ ಎಂದು ಬರೆಯಲು ಯಾರ ಪದವಿಯನ್ನೂ ಕೇಳದವರು, ಬರೆಯಬೇಡಿ ಎಂದವಳ ಪದವಿಯನ್ನು ಮಾತ್ರ ಯಾಕೆ ಕೇಳುತ್ತಾರೆ? ಸಭೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳಿ ಮುಗಿಸುತ್ತೇನೆ.

ಮೊದಲಿಗೆ ಒಂದು ಮಾತು ಸ್ಪಷ್ಟವಿರಲಿ. ನಾನು ಸೊಪ್ಪುಸದೆಯ ವಿರೋಧಿಯಲ್ಲ. ಇಸಳೂರಿನ ನನ್ನ ಮನೆಯ ಬಾವಿಕಟ್ಟೆಯ ಕೆಳಗೆ, ಬಚ್ಚಲ ನೀರು ಹರಿದು ಹೋಗುವ ಜಾಗದ ಆಚೆ, ಒಂದೆಲಗ ಹಾಸಿಕೊಂಡು ಬೆಳೆದಿದೆ. ಬೇಸಿಗೆಯಲ್ಲಿ ವಾರಕ್ಕೆರಡು ದಿನ ಅದರ ತಂಬುಳಿ. ಸೊಪ್ಪನ್ನು ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ಆಯಿತು. ಕುದಿಸುವ ಹಾಗಿಲ್ಲ. ದೊಡ್ಡಪತ್ರೆ, ಚಕ್ರಮುನಿ, ನೆಲ್ಲಿಕಾಯಿ, ದಾಳಿಂಬೆಯ ಸಿಪ್ಪೆ, ಕೊಡಸದ ಹೂವು, ಹೀಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹೆಂಗಸರಿಗೆ ತಂಬುಳಿ ಮಾಡಲು ಬಾರದ ಸೊಪ್ಪೇ ಕಡಿಮೆ. ಮುರುಗಲ ಪಾನಕವಿಲ್ಲದೆ ನಮ್ಮಲ್ಲಿ ಏಪ್ರಿಲ್ ತಿಂಗಳು ದಾಟುವುದಿಲ್ಲ. ಇವೆಲ್ಲ ನಮ್ಮ ಊಟದ ಮಾನ, ನಮ್ಮ ನಾಲಗೆಯ ಗುರುತು. ನನ್ನ ತಕರಾರು ಇರುವುದು ಒಂದೆಲಗದ ಮೇಲಲ್ಲ, ಆ ಪಾಪದ ಬಳ್ಳಿಯ ಮೇಲೆ ನಾವು ಹೊರಿಸುತ್ತಿರುವ ಹೊರೆಯ ಮೇಲೆ.

ನನ್ನ ಅಣ್ಣನ ಮನೆ ಯಲ್ಲಾಪುರ ತಾಲೂಕಿನ ಒಳಗೆ. ಡಾಂಬರು ರಸ್ತೆಯಿಂದ ಐದಾರು ಕಿಲೋಮೀಟರು ಮಣ್ಣುದಾರಿ. ಅತ್ತಿಗೆಗೆ ಬಿ.ಪಿ. ಇತ್ತು, ಎದೆಬಡಿತವೂ ಹೆಚ್ಚು. ಡಾಕ್ಟರು ಅಟೆನೊಲಾಲ್ ಎಂಬ ಮಾತ್ರೆ ಬರೆದಿದ್ದರು. ಏಳೆಂಟು ವರ್ಷ ತಪ್ಪದೆ ತೆಗೆದುಕೊಂಡವಳು 2016ರಲ್ಲಿ ಒಮ್ಮೆಗೇ ಬಿಟ್ಟಳು. ಯಾರೋ ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ತೊಗಟೆಯ ಪುಡಿ ಕೊಟ್ಟು, ಬೆಳಿಗ್ಗೆ ಹಾಲಿನಲ್ಲಿ ಕುದಿಸಿ ಕುಡಿಯಿರಿ, ಮಧ್ಯಾಹ್ನ ಒಂದೆಲಗ ತಿನ್ನಿ, ಮಾತ್ರೆ ಎಂಬ ವಿಷವನ್ನು ಇಂದೇ ಬಿಡಿ ಎಂದರಂತೆ. ದೀಪಾವಳಿಗೆ ನಾನು ಹೋದಾಗ ಅವಳೇ ಹೇಳಿದಳು: "ಮಾತ್ರೆ ಬಿಟ್ಟು ಹದಿನೈದು ದಿನ ಆತು ಮಾರಾಯ್ತಿ. ಆನು ಆರಾಮಿದ್ದಿ." ನನಗೂ ಹೆಚ್ಚೇನೂ ಅನ್ನಿಸಲಿಲ್ಲ. ಒಳ್ಳೆಯದೇ ಆಯಿತು ಎಂದೆ. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಎದೆಬಡಿತ ತಗ್ಗಿಸುವ ಆ ಜಾತಿಯ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಬಾರದು, ನಿಲ್ಲಿಸುವುದಿದ್ದರೂ ಡಾಕ್ಟರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸಬೇಕು, ಇಲ್ಲವಾದರೆ ಅದುಮಿಟ್ಟ ಹೃದಯ ತಿರುಗಿ ಏಳುತ್ತದೆ, ಎದೆನೋವು, ಹೃದಯಾಘಾತ ಕೂಡ ಆಗಬಹುದು ಎಂಬುದು ಔಷಧದ ಜೊತೆ ಬರುವ ಚೀಟಿಯಲ್ಲೇ ಅಚ್ಚಾಗಿರುತ್ತದೆ. ಅದನ್ನು ನಾನು ಓದಿದ್ದು ಆಮೇಲೆ. ಪುಡಿ ಕೊಟ್ಟವರು ಓದಿದ್ದರೋ ಇಲ್ಲವೋ.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ದಿನ ಅವಳಿಗೆ ಬೆನ್ನಿನಲ್ಲಿ ನೋವು, ಬೆವರು, ಹೊಟ್ಟೆ ತೊಳಸಿದ ಹಾಗೆ. ಎದೆ ಹಿಡಿದುಕೊಂಡು ಕುಸಿಯುವುದು ಸಿನಿಮಾದಲ್ಲಿ. ಹೆಂಗಸರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಹೃದಯಾಘಾತ ಹಲವು ಸಲ ಹೀಗೇ ಬರುತ್ತದೆ: ಬೆನ್ನು, ದವಡೆ, ಮೇಲುಸಿರು, ವಾಕರಿಕೆ, ಎಲ್ಲಿಲ್ಲದ ಸುಸ್ತು. ಮನೆಯಲ್ಲಿ ಎಲ್ಲರೂ ಒಂದೇ ಬಾಯಲ್ಲಿ ಪಿತ್ತ ಎಂದರು. ಜೀರಿಗೆ ಕಷಾಯ ಆಯಿತು. ಸಂಜೆಗೆ ಓಮದ ನೀರು. ನಾನು ಫೋನು ಮಾಡಿದಾಗ, "ಎಂತೂ ಇಲ್ಯೆ, ಗ್ಯಾಸು. ನೀ ಹೆದ್ರಡ" ಎಂದಳು. ಅಷ್ಟು ಹೇಳುವಾಗ ಎರಡು ಸಲ ಉಸಿರು ಎಳೆದುಕೊಂಡಳು. ಮರುದಿನ ಬೆಳಗಿನ ಜಾವ ಕಾರು ಹೊರಟಿತು. ಕಲಘಟಗಿ ಇನ್ನೂ ಮುಂದಿರುವಾಗಲೇ ಮುಗಿದುಹೋಯಿತು. ಅವಳಿಗೆ 57 ವರ್ಷ. ಹುಬ್ಬಳ್ಳಿಗೆ ಸೇರಿದ್ದರೆ ಉಳಿಯುತ್ತಿದ್ದಳು ಎಂದು ನಾನು ಎದೆ ತಟ್ಟಿ ಹೇಳಲಾರೆ. ಆದರೆ ಹಿಂದಿನ ದಿನದ ಹನ್ನೆರಡು ಗಂಟೆಗಳನ್ನು ಕಷಾಯ ಕುಡಿದಿತ್ತು, ಅದನ್ನು ಮಾತ್ರ ಹೇಳಬಲ್ಲೆ.

ಆದ್ದರಿಂದ "ಗಿಡಮೂಲಿಕೆ ತಾನೆ, ಗುಣವಾಗದಿದ್ದರೂ ಕೆಡುಕಿಲ್ಲ" ಎಂಬ ಮಾತನ್ನು ಯಾರಾದರೂ ನನ್ನ ಮುಂದೆ ಆಡಿದರೆ ನಾನು ಸುಮ್ಮನಿರುವುದಿಲ್ಲ. ನಮ್ಮ ಅಂಗಳದಲ್ಲಿ ಕಣಗಿಲೆ ಇದೆ. ದೇವರಿಗೆ ಏರಿಸುತ್ತೇವೆ, ಕರುವನ್ನು ಮಾತ್ರ ಅದರ ಹತ್ತಿರ ಕಟ್ಟುವುದಿಲ್ಲ. ಯಾಕೆ? ಅದರ ಎಲೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. ಹೃದಯದ ಮೇಲೆ ನಿಜವಾಗಿ ಕೆಲಸ ಮಾಡುವ ಗಿಡ ಬೇಕೆನ್ನುವವರಿಗೆ ಅದು ಬೇಲಿಯಲ್ಲೇ ನಿಂತಿದೆ! ಅದೇ ಬಗೆಯ ವಿಷ ಇರುವ ಇನ್ನೊಂದು ಗಿಡ ಇಂಗ್ಲೆಂಡಿನಲ್ಲಿದೆ, ಡಿಜಿಟಾಲಿಸ್ ಎಂದು. ಅಲ್ಲಿನ ಒಬ್ಬ ಹಳ್ಳಿಯ ಮುದುಕಿ ಇಪ್ಪತ್ತಕ್ಕೂ ಹೆಚ್ಚು ಸೊಪ್ಪು ಸೇರಿಸಿ ನೀರು ತುಂಬಿ ಬಾತುಹೋದವರಿಗೆ ಮದ್ದು ಕೊಡುತ್ತಿದ್ದಳಂತೆ. ವಿಲಿಯಂ ವಿದರಿಂಗ್ ಎಂಬ ವೈದ್ಯನ ಕೈಗೆ 1775ರಲ್ಲಿ ಆ ಮದ್ದಿನ ವಿವರ ಬಂತು. ಅಷ್ಟೂ ಸೊಪ್ಪಿನಲ್ಲಿ ಕೆಲಸ ಮಾಡುವುದು ಯಾವುದು ಎಂದು ಅವನು ಕಂಡುಕೊಂಡ. ಎಷ್ಟು ಕೊಟ್ಟರೆ ಮದ್ದು, ಎಷ್ಟಾದರೆ ವಿಷ ಎಂದು ರೋಗಿಯ ಪಕ್ಕದಲ್ಲಿ ಕುಳಿತು ಬರೆದಿಡುತ್ತ ಹೋದ. ಹತ್ತು ವರ್ಷ ಬರೆದು 1785ರಲ್ಲಿ ಪುಸ್ತಕ ಅಚ್ಚು ಹಾಕಿದ. ತನ್ನ ಕೈಯಲ್ಲಿ ಗುಣವಾಗದವರನ್ನೂ ಪುಸ್ತಕದಲ್ಲಿ ಬಚ್ಚಿಡಲಿಲ್ಲ. ಮುದುಕಿಯ ಹೆಸರನ್ನು ಮಾತ್ರ ಬರೆಯಲಿಲ್ಲ, ಅದು ಬೇರೆ ಸಂಗತಿ. ನಮ್ಮ ಪುಡಿ ಪೊಟ್ಟಣದವರಲ್ಲಿ ಸತ್ತವರ ಲೆಕ್ಕ ಇಟ್ಟವರನ್ನು ನಾನು ಇನ್ನೂ ನೋಡಬೇಕು.

ಕಣಗಿಲೆ ಯಾರೂ ತಿನ್ನುವುದಿಲ್ಲ ಬಿಡಿ. ಜ್ಯೇಷ್ಠಮಧು? ಕೆಮ್ಮಿನ ಕಷಾಯದ ಪುಡಿಗೆ ನಾವೇ ಹಾಕುತ್ತೇವೆ, ಗಂಟಲಿಗೆ ಹಿತ. ಆದರೆ ಅದನ್ನು ದಿನವೂ ಬಿಡದೆ ಕುಡಿದರೆ ಮೈಯಲ್ಲಿ ಉಪ್ಪಿನಂಶ ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಿ.ಪಿ. ಏರುತ್ತದೆ. ಬಿ.ಪಿ. ಇದ್ದವರು ಕಾಫಿ ಬಿಟ್ಟು "ಆರೋಗ್ಯಕ್ಕೆ" ಎಂದು ಮೂರು ಹೊತ್ತು ಕಷಾಯ ಕುಡಿಯುವುದನ್ನು ನೋಡಿದಾಗ, ಆ ಪುಡಿಯಲ್ಲಿ ಏನೇನಿದೆ ಎಂದು ಕೇಳಬೇಕೆನಿಸುತ್ತದೆ. ಕೇಳಿದರೆ ಸಿಗುವ ಉತ್ತರ: "ಎಲ್ಲಾ ನ್ಯಾಚುರಲ್ಲು."

ಈಗ ಸರ್ಪಗಂಧಿಯ ವಿಷಯ. ಮಕ್ಕಳ ಪಟ್ಟಿಯಲ್ಲಿ ನಿಜವಾಗಿ ತೂಕದ ಹೆಸರು ಅದೊಂದೇ. ನಮ್ಮ ಕಾಡಿನ ನೆರಳಿನಲ್ಲಿ ಮೊಳಕಾಲೆತ್ತರ ಬೆಳೆಯುವ ಗಿಡ, ಕೆಂಪು ತೊಟ್ಟಿನ ಮೇಲೆ ಸಣ್ಣ ಬಿಳಿ ಹೂಗೊಂಚಲು. ಕೆರಳಿದ ಹೃದಯ, ಕೆರಳಿದ ಮನಸ್ಸು ಎರಡನ್ನೂ ಇಳಿಸುತ್ತದೆ ಎಂದು ಹಿಂದಿನವರು ನಂಬಿದ್ದರು, ಆ ನಂಬಿಕೆ ಸುಳ್ಳಾಗಲಿಲ್ಲ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದರ ಬೇರು ರಕ್ತದೊತ್ತಡಕ್ಕೂ ಬುದ್ಧಿಭ್ರಮಣೆಗೂ ಉಪಯುಕ್ತ ಎಂದು ಬರೆದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು ನೋಡಿದ ವಿವರ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾಯಿತು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಅದನ್ನು ಕೊಟ್ಟರು. ನಮ್ಮ ಬೇರು ಜಗತ್ತನ್ನು ಗೆದ್ದಿತು ಎಂದು ಭಾಷಣ ಮಾಡುವವರು ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಪುಟ ಓದುವುದಿಲ್ಲ.

ಮುಂದಿನ ಪುಟದಲ್ಲಿ ಇರುವುದು ಇದು. ಆ ಮಾತ್ರೆ ತೆಗೆದುಕೊಂಡ ಕೆಲವರು ಬಿ.ಪಿ. ಇಳಿದರೂ ಮಂಕಾಗಿ ಕುಳಿತರು. ಯಾವುದರಲ್ಲೂ ಆಸೆಯಿಲ್ಲ, ಬದುಕೇ ಬೇಡ ಎನ್ನುವ ಸ್ಥಿತಿಗೆ ಹೋದವರೂ ಉಂಟು ಎಂದು 1950ರ ದಶಕದಲ್ಲೇ ವೈದ್ಯರು ಬರೆದರು. ಖಿನ್ನತೆ ಇದ್ದವರಿಗೆ ಕೊಡಬಾರದು ಎಂಬ ಎಚ್ಚರಿಕೆ ಔಷಧದ ಮೇಲೆ ಬಂತು. ಇನ್ನೂ ಒಳ್ಳೆಯ ಮಾತ್ರೆಗಳು ಬಂದಂತೆ ಅದು ಹಿಂದೆ ಸರಿಯಿತು. ಇದರಲ್ಲಿ ಯಾರಿಗೂ ಅವಮಾನವಿಲ್ಲ. ಬೇರು ಗಟ್ಟಿಯಾಗಿತ್ತು, ಆದ್ದರಿಂದಲೇ ಅದರ ಪೆಟ್ಟೂ ಗಟ್ಟಿಯಾಗಿತ್ತು. ಆದರೆ ಈ ಪೂರ್ತಿ ಕತೆ ತಿಳಿದ ಯಾರಾದರೂ ಎಂಟನೆಯ ತರಗತಿಯ ಮಕ್ಕಳು ಓಡಾಡುವ ಜಾಗದಲ್ಲಿ "ಬಿ.ಪಿ.ಗೆ, ಹುಚ್ಚಿಗೆ" ಎಂದು ಫಲಕ ನೆಟ್ಟಾರೇ? ಬೇರು ಅಗೆದು ಮಾರುವವರ ಕಾಟಕ್ಕೆ ಗಿಡವೇ ಅಪರೂಪವಾಗಿದೆ. 1990ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿರುವ ಗಿಡಗಳ ಪಟ್ಟಿಯಲ್ಲಿದೆ. ಫಲಕ ಹಾಕಿದರೆ ನಮ್ಮ ಔಷಧಿವನದ ಎರಡು ಗಿಡವೂ ಒಂದು ರಾತ್ರಿ ಬೇರು ಸಮೇತ ಮಾಯವಾದೀತು.

ಹೊಳೆಮತ್ತಿಗೆ ಬರೋಣ. ಅರ್ಜುನ ಎಂದು ಪುಡಿಯ ಡಬ್ಬಿಯ ಮೇಲೆ ಬರೆಯುವುದು ಇದನ್ನೇ. ಹೊಳೆಯ ಅಂಚಿನ ಮರ, ತೊಗಟೆ ನುಣುಪು, ಬೂದಿ ಮಿಶ್ರಿತ ಬಿಳಿ. ಅದರ ತೊಗಟೆಯನ್ನು ಹಾಲಿನಲ್ಲಿ ಕಾಯಿಸುವ ಕ್ರಮ ಚಕ್ರದತ್ತನ ಗ್ರಂಥದಲ್ಲೇ ಇದೆ, ಹಳೆಯದು, ಗೌರವಕ್ಕೆ ಅರ್ಹವಾದದ್ದು. 1995ರಲ್ಲಿ ಇಂದೋರಿನ ವೈದ್ಯರು ಹೃದಯ ತೀರ ಸೋತಿದ್ದ ಹನ್ನೆರಡು ಜನರಿಗೆ ಅದರ ಸಾರ ಕೊಟ್ಟು, ಸ್ವಲ್ಪ ಗುಣ ಕಂಡಿತು ಎಂದು ಬರೆದರು. ಇದನ್ನು ನನಗೆ ತೋರಿಸಿ ವಾದಿಸಿದವರಿದ್ದಾರೆ. ಅವರಿಗೆ ನಾನು ಕೇಳುವುದು ಇಷ್ಟೆ: ಹನ್ನೆರಡು ಜನ ಎಂಬುದನ್ನು ಗಮನಿಸಿದಿರಾ? ಅವರೆಲ್ಲರಿಗೂ ಆಸ್ಪತ್ರೆಯ ಮಾಮೂಲು ಮಾತ್ರೆಗಳು ನಡೆಯುತ್ತಲೇ ಇದ್ದವು ಎಂಬುದನ್ನು ಓದಿದಿರಾ? ಮಾತ್ರೆಯ ಜೊತೆಗೆ ಕೊಟ್ಟದ್ದನ್ನು ಮಾತ್ರೆಯ ಬದಲಿಗೆ ಎಂದು ಮಾಡಿದವರು ಯಾರು? ಜೊತೆಗೆ, ಬದಲಿಗೆ. ಎರಡು ಸಣ್ಣ ಪದ. ಕನ್ನಡ ಕಲಿಸುವವಳಾಗಿ ನನಗೆ ಗೊತ್ತು, ಇಂಥ ಪದದ ಮೇಲೇ ಇಡೀ ವಾಕ್ಯ ನಿಂತಿರುತ್ತದೆ. ನನ್ನ ಅತ್ತಿಗೆಯ ಮಟ್ಟಿಗೆ ಬದುಕೇ ನಿಂತಿತ್ತು.

ಇನ್ನೊಂದು ತಮಾಷೆ. ತಮಾಷೆಯಲ್ಲ, ಭಯ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂದು ರಾಜ್ಯವೇ ಬೆಚ್ಚಿಬಿದ್ದಾಗ, ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತರು. ನಮ್ಮೂರಿನ ಕಡೆ ಕೆಲವರು ಕತ್ತಿ ಹಿಡಿದು ಸೊಪ್ಪಿನಬೆಟ್ಟಕ್ಕೆ ಹೋದರು. ಅಲ್ಲಿರುವುದು ಹೊಳೆಮತ್ತಿಯಲ್ಲ, ತೋಟಕ್ಕೆ ಸೊಪ್ಪು ಕೊಡುವ ಕರಿಮತ್ತಿ. ಅದರ ತೊಗಟೆ ಮೊಸಳೆಯ ಬೆನ್ನಿನಂತೆ ಬಿರುಕು ಬಿರುಕು. ಒಂದೇ ಕುಲದ ಮರ, ಒಂದೇ ಮರವಲ್ಲ. ಹೆಸರಿನಲ್ಲಿ ಮತ್ತಿ ಇದ್ದರೆ ಸಾಕು ಎಂದು ಕೆತ್ತಿಕೊಂಡು ಬಂದು ಕುದಿಸಿದರು. ಒಂದೆಲಗದ್ದೂ ಇದೇ ಪಾಡು. ನಾವು ಬ್ರಾಹ್ಮಿ ಎನ್ನುವುದು ಇದನ್ನು, ಬೇರೆ ಕಡೆಯ ವೈದ್ಯರು ಬ್ರಾಹ್ಮಿ ಎನ್ನುವುದು ನೀರುಬ್ರಾಹ್ಮಿ ಎಂಬ ಬೇರೆಯೇ ಗಿಡವನ್ನು. ಒಂದರ ಬಗ್ಗೆ ನಡೆದ ಪರೀಕ್ಷೆಯನ್ನು ತಂದು ಇನ್ನೊಂದರ ಡಬ್ಬಿಗೆ ಅಂಟಿಸುತ್ತಾರೆ. ಗಿಡದ ಗುರುತೇ ಇಲ್ಲದ ಮೇಲೆ ಪರಂಪರೆ ಎಂದು ಎದೆಯುಬ್ಬಿಸುವುದು ಯಾವುದನ್ನು? ನಿಜವಾದ ನಾಟಿ ವೈದ್ಯರು ಹೀಗೆ ಮಾಡುತ್ತಿರಲಿಲ್ಲ. ನನ್ನ ತವರಿನ ಕಡೆಯ ಹಳೆಯ ವೈದ್ಯರೊಬ್ಬರು ನಾಡಿ ನೋಡಿ, "ಇದು ನನ್ನ ಕೈಯದ್ದಲ್ಲ, ಈಗಲೇ ಹೊರಡಿ" ಎಂದು ಬೈದು ಕಳಿಸುತ್ತಿದ್ದುದನ್ನು ನಾನೇ ಕಂಡಿದ್ದೇನೆ. ತನ್ನ ಕೈಯದ್ದಲ್ಲ ಎಂದು ಹೇಳುವವನೇ ವೈದ್ಯ. ಪುಡಿ ಮಾರುವವರ ಬಾಯಲ್ಲಿ ಆ ಮಾತು ಕೇಳಿದ್ದೀರಾ?

ಕಾನೂನು ಇಲ್ಲವೆಂದಲ್ಲ. ಹೃದಯರೋಗ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಮೊದಲಾದವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕೇಂದ್ರ ಕಾಯ್ದೆಯೊಂದು ನಿಷೇಧಿಸಿದೆ. 2024ರಲ್ಲಿ ಸುಪ್ರೀಂ ಕೋರ್ಟು ಇಂಥ ಜಾಹೀರಾತಿಗಾಗಿ ದೇಶದ ದೊಡ್ಡ ಕಂಪನಿಯೊಂದನ್ನು ತರಾಟೆಗೆ ತೆಗೆದುಕೊಂಡು, ಅದು ಪತ್ರಿಕೆಗಳಲ್ಲಿ ಕ್ಷಮೆ ಕೇಳುವಂತಾಯಿತು. ಆದರೆ ಜಾತ್ರೆಯ ಮಳಿಗೆಗೆ, ಸಭಾಭವನದ ಶಿಬಿರಕ್ಕೆ ಸುಪ್ರೀಂ ಕೋರ್ಟು ಬರುವುದಿಲ್ಲ. ಅಲ್ಲಿಗೆ ನಾವೇ ಹೋಗಬೇಕು. ನಾವು ಹೋಗುವುದು ಪುಡಿ ಕೊಳ್ಳಲಿಕ್ಕೆ.

ಅಡುಗೆಮನೆಯ ವಸ್ತು ಮಾತ್ರೆಯ ವೇಷ ಹಾಕಿದರೆ ಏನಾಗುತ್ತದೆ ಎಂಬುದನ್ನು ಉಪ್ಪಾಗೆಯಲ್ಲಿ ನಾವು ಕಣ್ಣಾರೆ ಕಂಡಿದ್ದೇವೆ. ಸಾರಿಗೆ ಹುಳಿ, ಬೀಜದಿಂದ ತುಪ್ಪ, ಅಷ್ಟಕ್ಕೆ ಇದ್ದ ಕಾಡುಹಣ್ಣು. 1990ರ ದಶಕದಲ್ಲಿ ಅದರಿಂದ ಬೊಜ್ಜು ಕರಗುತ್ತದೆ ಎಂದು ಹೊರದೇಶದಲ್ಲಿ ಸುದ್ದಿಯಾಗಿ, ದರ ಏರಿ, ಶಿರಸಿ ಸೀಮೆಯ ಕಾಡಿನಲ್ಲಿ ಹಣ್ಣಿಗಾಗಿ ರೆಂಬೆಯನ್ನೇ ಕಡಿದರು, ಮಳೆಯಲ್ಲಿ ಸಿಪ್ಪೆ ಒಣಗಿಸಲು ಗಾಡಿಗಟ್ಟಲೆ ಕಟ್ಟಿಗೆ ಸುಟ್ಟರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ ಹನ್ನೆರಡು ವಾರ ಪರೀಕ್ಷೆ ನಡೆಸಿ ನೋಡಿದರೆ, ಉಪ್ಪಾಗೆಯ ಸತ್ವ ತಿಂದವರಿಗೂ ಬರೀ ಹಿಟ್ಟಿನ ಗುಳಿಗೆ ತಿಂದವರಿಗೂ ತೂಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಡಿದ ರೆಂಬೆ ಕಡಿದಂತೇ ಉಳಿಯಿತು.

ಹೃದಯದ ಮಾತು ಇಷ್ಟಾಯಿತು. ಮನಸ್ಸಿನ ಮಾತು ಆಡದೆ ಮುಗಿಸಿದರೆ ಅರ್ಧ ಸುಳ್ಳು ಹೇಳಿದಂತೆ. ನಮ್ಮ ಕಡೆ ಹೆಂಗಸೊಬ್ಬಳು ಸಿಡಿಮಿಡಿಗೊಂಡರೆ, ರಾತ್ರಿ ನಿದ್ದೆಯಿಲ್ಲ ಎಂದರೆ, ಸುಮ್ಮನೆ ಕುಳಿತು ಅತ್ತರೆ, ಮನೆಯವರು ಮೊದಲು ಹೇಳುವುದು "ಉಷ್ಣ ಆಜು" ಎಂದು. ತಲೆಗೆ ಬ್ರಾಹ್ಮಿ ಎಣ್ಣೆ ಹಾಕಿಕೊ, ಒಂದೆಲಗದ ತಂಬುಳಿ ಉಣ್ಣು, ತಂಪಾಗುತ್ತದೆ. ಯಾಕೆ ಅಳುತ್ತಿದ್ದೀಯ ಎಂದು ಕೇಳುವವರಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ, ಅದರ ಭಯ. ನನಗೆ ಐವತ್ತರ ಹತ್ತಿರ ಮುಟ್ಟು ನಿಲ್ಲುವ ಕಾಲದಲ್ಲಿ ಎದೆ ಡವಡವ ಎನ್ನುತ್ತ ರಾತ್ರಿ ಎದ್ದು ಕುಳಿತುಕೊಳ್ಳುತ್ತಿದ್ದೆ. ನನಗೂ ಎಲ್ಲರೂ ಸೊಪ್ಪನ್ನೇ ಹೇಳಿದರು. ಆ ಸೊಪ್ಪು ಕೊಯ್ದವಳು ನಾನು. ತೊಳೆದವಳು ನಾನು. ರುಬ್ಬಿದವಳು, ಐದು ಜನಕ್ಕೆ ಬಡಿಸಿ ಕೊನೆಯಲ್ಲಿ ತಪ್ಪಲೆ ಬಳಿದು ಎರಡು ಸೌಟು ಉಂಡವಳು, ಆಮೇಲೆ ಪಾತ್ರೆ ತಿಕ್ಕಿದವಳು, ರಾತ್ರಿ ಉತ್ತರಪತ್ರಿಕೆ ತಿದ್ದಿದವಳು ಎಲ್ಲ ನಾನೇ. ತಂಬುಳಿ ಉಂಡರೆ ಮನಸ್ಸು ತಂಪಾಗುತ್ತದೆ ಎಂಬ ಮಾತು ಗಂಡಸರ ಅನುಭವದಿಂದ ಹುಟ್ಟಿರಬೇಕು. ಮಜ್ಜಿಗೆ, ಕಾಯಿ ಹಾಕಿದ ತಂಬುಳಿ ಉಂಡು ಅವರು ಜಗಲಿಯ ಮೇಲೆ ಒಂದು ಗಂಟೆ ಮಲಗುತ್ತಾರೆ. ತಂಪು ಮಾಡಿದ್ದು ಒಂದೆಲಗವೋ ನಿದ್ದೆಯೋ? ಹೆಂಗಸರಿಗೂ ಅದೇ ಒಂದು ಗಂಟೆ ಕೊಟ್ಟು ನೋಡಿ, ಸೊಪ್ಪು ಇಲ್ಲದೆಯೂ ಎಷ್ಟು ತಂಪಾಗುತ್ತಾರೆ ಎಂದು.

ಅತ್ತಿಗೆಯ ಬಗ್ಗೆ ನನಗೆ ಹೆಚ್ಚು ನೋವಾಗುವುದೂ ಇಲ್ಲೇ. ಅವಳು ಮಾತ್ರೆ ಬಿಟ್ಟದ್ದಕ್ಕೆ ಶಿಬಿರದವರು ಕಾರಣ, ಸರಿ. ಆದರೆ ಎರಡು ವರ್ಷದಿಂದ "ಎದೆ ಭಾರ" ಎಂದು ಅವಳು ಹೇಳುತ್ತಲೇ ಇದ್ದಳು. ಮಗ ಬೆಂಗಳೂರು ಸೇರಿ ಊರಿಗೆ ಬರುವುದು ನಿಂತ ಮೇಲೆ ಶುರುವಾದದ್ದು. ಆ ಭಾರ ಯಾವುದು, ರಕ್ತನಾಳದ್ದೋ ಸಂಸಾರದ್ದೋ, ಯಾರೂ ಬಿಡಿಸಿ ಕೇಳಲಿಲ್ಲ. ಕನ್ನಡದಲ್ಲಿ ಎರಡಕ್ಕೂ ಎದೆಯೇ. ನಾವು ಎರಡಕ್ಕೂ ಒಂದೇ ಕಷಾಯ ಕೊಟ್ಟೆವು. ಅವಳೂ ಕುಡಿದಳು, ಯಾಕೆಂದರೆ ಕುಡಿದರೆ ಯಾರಿಗೂ ತೊಂದರೆಯಿಲ್ಲ. ಗಾಡಿ ಮಾಡಿಸುವುದು ಬೇಡ, ತೋಟದ ಕೆಲಸ ನಿಲ್ಲಿಸುವುದು ಬೇಡ, ಮಗನಿಗೆ ಫೋನು ಮಾಡಿ ಗಾಬರಿ ಹುಟ್ಟಿಸುವುದು ಬೇಡ. ಕಷಾಯ ಹತ್ತು ನಿಮಿಷದಲ್ಲಿ ಆಗುತ್ತದೆ, ಅದನ್ನೂ ಅವಳೇ ಮಾಡಿಕೊಳ್ಳುತ್ತಿದ್ದಳು. ಮನಸ್ಸಿನ ಸಂಕಟಕ್ಕೆ 14416 ಎಂಬ ಸರಕಾರದ ಸಹಾಯವಾಣಿ 2022ರ ಅಕ್ಟೋಬರಿನಲ್ಲಿ ಬಂತು. ಅವಳ ಕಾಲಕ್ಕೆ ಇರಲಿಲ್ಲ. ಇದ್ದಿದ್ದರೂ ಮನೆಯಲ್ಲಿ ಎಲ್ಲರ ಎದುರು ನಿಂತು ಅವಳು ಮಾತಾಡುತ್ತಿದ್ದಳೇ?

ನಮ್ಮ ದೊಡ್ಡವರ ಭಾಷಣ ನನಗೆ ಸಿಟ್ಟು ತರಿಸುವುದೂ ಇದೇ ಕಾರಣಕ್ಕೆ. ಉತ್ತರ ಕನ್ನಡ ಔಷಧಿ ಸಸ್ಯಗಳ ಕಣಜ ಎಂದು ವೇದಿಕೆಯಲ್ಲಿ ಹೇಳದ ಗಣ್ಯರಿಲ್ಲ. ಇಂಥ ಕಣಜದ ಜನ ಎದೆನೋವು ಎಂದರೆ ಹುಬ್ಬಳ್ಳಿಗೆ, ಮಣಿಪಾಲಕ್ಕೆ, ಮಂಗಳೂರಿಗೆ, ಗೋವೆಗೆ ಓಡಬೇಕಾಗಿ ಬಂದದ್ದು ಎಷ್ಟು ವರ್ಷ! ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ಕು ಜನ ಸತ್ತಾಗ ಇಡೀ ಜಿಲ್ಲೆ ಸುಸಜ್ಜಿತ ಆಸ್ಪತ್ರೆ ಬೇಕು ಎಂದು ಕೂಗಿತು. ಆ ಕೂಗಿನಲ್ಲಿ ನಮ್ಮ ಔಷಧಿ ಸಸ್ಯಗಳನ್ನು ಯಾರೂ ನೆನೆಯಲಿಲ್ಲ. ಪ್ರಾಣಕ್ಕೆ ಬಂದಾಗ ಬೇಕಾದದ್ದು ಏನೆಂದು ಎಲ್ಲರಿಗೂ ಗೊತ್ತು. ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಯೋಜನೆಯೊಂದನ್ನು ರಾಜ್ಯ ಸರಕಾರ ಪುನೀತ್ ರಾಜಕುಮಾರ್ ಹೆಸರಿನಲ್ಲಿ 2023ರಲ್ಲಿ ಶುರು ಮಾಡಿತು. ಆ ಚುಚ್ಚುಮದ್ದಿಗೆ ಮೊದಲ ಗಂಟೆಗಳಲ್ಲೇ ಬೆಲೆ. ಅದು ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಇದೆಯೇ ಎಂದು ಇವತ್ತೇ ಹೋಗಿ ಕೇಳಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಜಗಳ ಮಾಡಿ. ಪುಡಿಯ ಡಬ್ಬಿಗೆ ಕೊಡುವ ದುಡ್ಡಿನಲ್ಲಿ ಬಿ.ಪಿ. ಮಾತ್ರೆ ತಿಂಗಳುಗಟ್ಟಲೆ ಬರುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ದುಡ್ಡೇ ಬೇಡ.

ಹೃದಯದ ಮೇಲೆ ಅಷ್ಟೊಂದು ಪ್ರೀತಿ ಇದ್ದರೆ ಬಾಳೆಯ ತುದಿಯಲ್ಲಿ ಬಡಿಸಿದ್ದನ್ನೂ ಒಮ್ಮೆ ನೋಡಿಕೊಳ್ಳಬೇಕು. ದಿನಕ್ಕೆ ಐದು ಗ್ರಾಂ ಉಪ್ಪಿಗಿಂತ ಹೆಚ್ಚು ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಅಪ್ಪೆಮಿಡಿಯ ಉಪ್ಪುನೀರು, ಹಪ್ಪಳ, ಸಂಡಿಗೆ ಮುಗಿಯುವಷ್ಟರಲ್ಲಿ ಆ ಐದು ಗ್ರಾಂ ಎಲ್ಲಿ ಹೋಯಿತೋ. ಊಟದ ಮೇಲೆ ಹೊಗೆಸೊಪ್ಪಿನ ಕವಳ. ಬಿ.ಪಿ. ಏಕೆ ಇಳಿಯಲಿಲ್ಲ ಎಂದರೆ ಒಂದೆಲಗ ಸಾಲಲಿಲ್ಲ, ನಾಳೆ ಎರಡು ಹಿಡಿ ಹಾಕು! ನಾನೂ ಅಪ್ಪೆಮಿಡಿ ಬಿಟ್ಟವಳಲ್ಲ, ಒಂದನ್ನು ಎರಡು ಊಟಕ್ಕೆ ಮಾಡಿಕೊಂಡಿದ್ದೇನೆ. ಅಷ್ಟು ಮಾಡಲಿಕ್ಕೇ ಎರಡು ವರ್ಷ ಹಿಡಿಯಿತು.

ಫಲಕಗಳು ಕೊನೆಗೂ ಬಂದವು. ಒಂದೆಲಗದ್ದರಲ್ಲಿ "ತಂಬುಳಿಗೆ, ಚಟ್ನಿಗೆ" ಎಂದು ಬರೆಸಿದೆ. ಹೊಳೆಮತ್ತಿಯದರಲ್ಲಿ ಎಲೆ, ತೊಗಟೆಯ ಗುರುತು, ಕರಿಮತ್ತಿಗೂ ಇದಕ್ಕೂ ಇರುವ ವ್ಯತ್ಯಾಸ. ಸರ್ಪಗಂಧಿಗೆ ಫಲಕವಿಲ್ಲ. ಬಾಗಿಲ ಬಳಿಯ ದೊಡ್ಡ ಫಲಕದಲ್ಲಿ "ಎದೆನೋವು ಬಂದರೆ 108" ಎಂದು ಬರೆಯಲು ಹೇಳಿದಾಗ ಪೇಂಟರು ಬ್ರಷ್ಷು ಹಿಡಿದು ನನ್ನ ಮುಖ ನೋಡಿದ. "ಇದು ಯಾವ ಗಿಡ ಅಕ್ಕೋರೇ?" ಎಂದ. ಪಾಲಕರಲ್ಲಿ ಕೆಲವರು ಈಗಲೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಔಷಧಿವನದ ಒಂದೆಲಗ ಮಾತ್ರ ಚೆನ್ನಾಗಿ ಹಬ್ಬಿದೆ. ಅದರ ಬುಡ ಅಣ್ಣನ ಮನೆಯ ತೋಟದಿಂದ ತಂದದ್ದು, ಅತ್ತಿಗೆ ಅಡಿಕೆ ತೋಟದ ಕಾಲುವೆಯಂಚಿಗೆ ನೆಟ್ಟಿದ್ದ ಜಾತಿ. ಎಲೆ ಸ್ವಲ್ಪ ದೊಡ್ಡದು, ಕಹಿ ಕಡಿಮೆ.